ಸಿದ್ಧನಿಯಮದ ಲೋಕದಲ್ಲಿ ಹೊಸ ಪಾತ್ರ: ವೈಜ್ಞಾನಿಕ ಕಥನದ ಔಚಿತ್ಯವನ್ನು ಕುರಿತು

1

ಈಗಾಗಲೇ ಸ್ಥಾಪಿತವಾಗಿರುವ ಕಥಾಲೋಕವೊಂದರೊಳಕ್ಕೆ ಬೇರೊಬ್ಬ ಲೇಖಕ ತನ್ನದೇ ಆದ ಪಾತ್ರವನ್ನು ತರಬಹುದೇ? ತಂದರೆ, ಆ ಪಾತ್ರ ಆ ಲೋಕಕ್ಕೆ ಸೇರಿದ್ದೆಂದು ನಾವು ಯಾವ ಆಧಾರದ ಮೇಲೆ ಒಪ್ಪುತ್ತೇವೆ? ಈ ಪ್ರಶ್ನೆಗಳು ಕನ್ನಡ ಕಾವ್ಯಪರಂಪರೆಗೆ ಹೊಸವಲ್ಲ. ವ್ಯಾಸ ವಾಲ್ಮೀಕಿಗಳ ಲೋಕವನ್ನು ಪ್ರವೇಶಿಸಿದ ನಮ್ಮ ಕವಿಗಳೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಇವನ್ನು ಎದುರಿಸಿದ್ದಾರೆ. ಆದರೆ ಇದೇ ಪ್ರಶ್ನೆಯನ್ನು ವೈಜ್ಞಾನಿಕ ಕಥನದ ಸಂದರ್ಭದಲ್ಲಿ ಎತ್ತಿದ ಕೂಡಲೇ ನಮ್ಮ ವಿದ್ವತ್ ವಲಯದಲ್ಲಿ ಒಂದು ಬಗೆಯ ಉಪೇಕ್ಷೆ ಕಾಣಿಸಿಕೊಳ್ಳುತ್ತದೆ. ಪುರಾಣಲೋಕಕ್ಕೆ ಪಾತ್ರವನ್ನು ಸೇರಿಸಿದರೆ ಅದನ್ನು ಪ್ರತಿಭೆಯೆನ್ನುವ ನಾವು, ಭವಿಷ್ಯದ ಲೋಕಕ್ಕೆ ಸೇರಿಸಿದರೆ ಅನುಕರಣೆಯೆನ್ನುತ್ತೇವೆ. ಈ ಇಬ್ಬಂದಿಯ ನಿಲುವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದದ್ದು ತರಗತಿಯ ಒಂದು ಅನುಭವ. ಸಂಶೋಧನೆಯ ಜೊತೆಗೆ ಜೀವನೋಪಾಯಕ್ಕಾಗಿ ಜಯನಗರದ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸ ವೃತ್ತಿಯಲ್ಲಿರುವ ನಾನು, ಬಿ.ಎಸ್‌ಸಿ. ಮತ್ತು ಬಿ.ಸಿ.ಎ. ವಿದ್ಯಾರ್ಥಿಗಳಿಗೆ ಭಾಷಾ ಕನ್ನಡವನ್ನು ಬೋಧಿಸುತ್ತೇನೆ. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಿಂದ ಬರುವ ಈ ವಿದ್ಯಾರ್ಥಿಗಳಿಗೆ ಹಳಗನ್ನಡ ಕಾವ್ಯಭಾಗ ದೂರದ್ದೆನಿಸುತ್ತದೆ. ಅನ್ಯಗ್ರಹ, ಯಂತ್ರಮಾನವ, ಕಾಲಪ್ರಯಾಣ ಹತ್ತಿರದವೆನಿಸುತ್ತವೆ. ಆದ್ದರಿಂದ ಒಮ್ಮೆ ಅವರಿಗೆ ಒಂದು ಅಭ್ಯಾಸವನ್ನು ಕೊಟ್ಟೆ. ಪ್ರಸಿದ್ಧವಾದ ಒಂದು ವೈಜ್ಞಾನಿಕ ಕಥಾಲೋಕವನ್ನು ತೆಗೆದುಕೊಂಡು, ಮೂಲದಲ್ಲಿ ಇಲ್ಲದ, ಆದರೆ ಇರಬಹುದಾಗಿದ್ದ ಒಂದು ಪಾತ್ರವನ್ನು ಕನ್ನಡದಲ್ಲಿ ರಚಿಸಬೇಕು.

ಲೋಕದ ಆಯ್ಕೆ ಕಷ್ಟವಾಗಲಿಲ್ಲ, ಏಕೆಂದರೆ ಅದು ನಮ್ಮ ಕಾಲ ಕೆಳಗೇ ಇತ್ತು. ಲಾವಣ್ಯಾ ಲಕ್ಷ್ಮೀನಾರಾಯಣ ಅವರು ಇಂಗ್ಲಿಷಿನಲ್ಲಿ ಬರೆದ ‘ಅನಲಾಗ್/ವರ್ಚುಯಲ್’ 2020ರಲ್ಲಿ ಪ್ರಕಟವಾಯಿತು. 2023ರಲ್ಲಿ ‘ದ ಟೆನ್ ಪರ್ಸೆಂಟ್ ಥೀಫ್’ ಎಂಬ ಹೆಸರಿನಿಂದ ಹೊರದೇಶದಲ್ಲಿ ಮರುಪ್ರಕಟಗೊಂಡು, 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಪರಸ್ಪರ ಹೆಣೆದುಕೊಂಡ ಕಥೆಗಳ ಈ ಕೃತಿ ನಡೆಯುವುದು ಅಪೆಕ್ಸ್ ಸಿಟಿಯಲ್ಲಿ. ಒಂದು ಕಾಲದಲ್ಲಿ ಆ ನಗರದ ಹೆಸರು ಬೆಂಗಳೂರು. ಅಲ್ಲಿ ಆಡಳಿತ ನಡೆಸುವುದು ಬೆಲ್ ಎಂಬ ಕಂಪನಿ. ಪ್ರತಿಯೊಬ್ಬರನ್ನೂ ಉತ್ಪಾದಕತೆಯ ರೇಖೆಯೊಂದರ ಮೇಲೆ ಅಳೆಯಲಾಗುತ್ತದೆ. ಮೇಲಿನ ಶೇಕಡ 20ರಷ್ಟು ಮಂದಿಗೆ ವೈಭವ, ನಡುವಿನ ಶೇಕಡ 70ರಷ್ಟು ಮಂದಿಗೆ ದುಡಿಮೆ, ಕೆಳಗೆ ಬಿದ್ದವರಿಗೆ ಗಡೀಪಾರು. ಗಡೀಪಾರಾದ ‘ಅನಲಾಗ್’ ಜನರಿಗೆ ವಿದ್ಯುತ್ತಿಲ್ಲ, ಕೊಳಾಯಿಯ ನೀರಿಲ್ಲ. ಒಬ್ಬ ಕಳ್ಳಿ ಮೇಲಿನವರ ಜಗತ್ತಿನಿಂದ ಒಂದು ಜಕರಂಡ ಬೀಜವನ್ನು ಕದಿಯುವುದರಿಂದ ಆ ವ್ಯವಸ್ಥೆಯಲ್ಲಿ ಬಿರುಕು ಆರಂಭವಾಗುತ್ತದೆ. ಕೃತಿಯ ಕೆಲವು ಭಾಗಗಳನ್ನು ತರಗತಿಯಲ್ಲಿ ಬಾಯ್ದೆರೆಯಾಗಿ ಕನ್ನಡಿಸಿ ಹೇಳಿದೆ. ವಿದ್ಯಾರ್ಥಿಗಳು ತಂದ ಪಾತ್ರಗಳನ್ನು ಚರ್ಚಿಸುವ ಮುನ್ನ, ಅವನ್ನು ಅಳೆಯಲು ನಮ್ಮ ಪರಂಪರೆಯಲ್ಲಿ ಯಾವ ಅಳತೆಗೋಲುಗಳಿವೆ ಎಂಬುದನ್ನು ನೋಡುವುದು ಉಚಿತ.

2

ಹತ್ತನೆಯ ಶತಮಾನದ ಧನಂಜಯ ತನ್ನ ‘ದಶರೂಪಕ’ದಲ್ಲಿ ನಾಟಕದ ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸುತ್ತಾನೆ. ಇತಿಹಾಸ ಪುರಾಣಗಳಿಂದ ಪಡೆದದ್ದು ಪ್ರಖ್ಯಾತ, ಕವಿಯೇ ಕಲ್ಪಿಸಿದ್ದು ಉತ್ಪಾದ್ಯ, ಎರಡೂ ಬೆರೆತದ್ದು ಮಿಶ್ರ. ನಮ್ಮ ಬೋಧನೆಯಲ್ಲಿ ಮೊದಲೆರಡಕ್ಕೆ ಸಿಕ್ಕಿದ ಗಮನ ಮೂರನೆಯದಕ್ಕೆ ಸಿಕ್ಕಿಲ್ಲ. ಸ್ಥಾಪಿತ ಲೋಕದಲ್ಲಿ ಹೊಸ ಪಾತ್ರವನ್ನು ನಿಲ್ಲಿಸುವುದು ಶುದ್ಧವಾಗಿ ಮಿಶ್ರ ಇತಿವೃತ್ತದ ಕೆಲಸ. ಲೋಕ ಪ್ರಖ್ಯಾತ, ವ್ಯಕ್ತಿ ಉತ್ಪಾದ್ಯ.

ಈ ಬೆರಕೆಯ ನಿಯಮವೇನು? ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತಾನೆ. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಹೊಂದದ ಭಾಗವಿದ್ದರೆ ಕವಿ ಅದನ್ನು ಬಿಟ್ಟು, ನಡುವೆ ರಸೋಚಿತವಾದ ಕಥಾಂಶವನ್ನು ತಾನೇ ಕಲ್ಪಿಸಿಕೊಳ್ಳಬಹುದು. ಆದರೆ ರಾಮಾಯಣದಂತಹ ಕಥೆಗಳು ಸಿದ್ಧರಸವುಳ್ಳವು. ಅಲ್ಲಿ ರಸಕ್ಕೆ ವಿರುದ್ಧವಾದ ಸ್ವೇಚ್ಛೆ ಸಲ್ಲದು. ಮೊದಲನೆಯದು ಅನುಮತಿ, ಎರಡನೆಯದು ಎಲ್ಲೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದಾಗ ಈ ಎರಡರ ನಡುವಿನ ಹದವನ್ನೇ ಸಿದ್ಧಾಂತವಾಗಿ ಬೆಳೆಸಿದನೆನ್ನಬಹುದು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಈ ಚರ್ಚೆಯನ್ನು ಕನ್ನಡದ ಓದುಗರಿಗೆ ಸುಲಭಗ್ರಾಹ್ಯವಾಗಿಸಿದೆ; ಇಲ್ಲಿ ಅದರ ಪುನರಾವರ್ತನೆ ಬೇಡ.

ವೈಜ್ಞಾನಿಕ ಕಥಾಲೋಕಕ್ಕೆ ಈ ಸೂತ್ರ ಹಾಗೆಯೇ ಅನ್ವಯಿಸುತ್ತದೆಯೇ? ನೇರವಾಗಿ ಅನ್ವಯಿಸದು ಎಂಬುದು ನನ್ನ ಗ್ರಹಿಕೆ. ರಾಮಾಯಣದ ಲೋಕ ಭದ್ರವಾಗಿ ನಿಂತಿರುವುದು ತಲೆಮಾರುಗಳ ಭಾವಸಂಸ್ಕಾರದ ಮೇಲೆ. ವೈಜ್ಞಾನಿಕ ಕಥಾಲೋಕಕ್ಕೆ ಅಂತಹ ಸಂಸ್ಕಾರದ ಬೆಂಬಲವಿಲ್ಲ. ಅದು ನಿಂತಿರುವುದು ಕೆಲವು ನಿಯಮಗಳ ಮೇಲೆ. ಐಸಾಕ್ ಅಸಿಮೋವ್ 1942ರ ಕಥೆಯೊಂದರಲ್ಲಿ ಯಂತ್ರಮಾನವರಿಗೆ ಮೂರು ನಿಯಮಗಳನ್ನು ಸ್ಪಷ್ಟವಾಗಿ ವಿಧಿಸಿದ. ಯಂತ್ರಮಾನವ ಮನುಷ್ಯನಿಗೆ ಕೇಡು ಮಾಡಬಾರದು, ತನ್ನ ನಿಷ್ಕ್ರಿಯತೆಯಿಂದಲೂ ಕೇಡಾಗಲು ಬಿಡಬಾರದು. ಅದಕ್ಕೆ ವಿರೋಧವಿಲ್ಲದಷ್ಟು ಆಜ್ಞೆಯನ್ನು ಪಾಲಿಸಬೇಕು. ಇವೆರಡಕ್ಕೂ ವಿರೋಧವಿಲ್ಲದಷ್ಟು ತನ್ನನ್ನು ಕಾಪಾಡಿಕೊಳ್ಳಬೇಕು. ಆ ಮಾಲೆಯ ಕಥೆಗಳೆಲ್ಲ ಈ ಮೂರರ ಪರಸ್ಪರ ತಿಕ್ಕಾಟದಿಂದ ಹುಟ್ಟಿದವು. ಇಂತಹ ಲೋಕವನ್ನು ಸಿದ್ಧರಸದ ಲೋಕವೆನ್ನುವುದಕ್ಕಿಂತ, ಆನಂದವರ್ಧನನ ಪದದ ಜಾಡಿನಲ್ಲಿಯೇ ‘ಸಿದ್ಧನಿಯಮದ ಲೋಕ’ವೆಂದು ಕರೆಯುವುದು ಹೆಚ್ಚು ಸಮರ್ಪಕ. ಇಲ್ಲಿ ಸಲ್ಲದಿರುವುದು ನಿಯಮವಿರೋಧಿಯಾದ ಸ್ವೇಚ್ಛೆ.

ಆದರೆ ನಿಯಮವನ್ನು ಮುರಿಯದಿರುವುದಷ್ಟೇ ಪಾತ್ರವನ್ನು ಆ ಲೋಕಕ್ಕೆ ಸೇರಿಸುವುದಿಲ್ಲ. ಅಸಿಮೋವ್‌ನ ಯಂತ್ರಮಾನವ ಕಥೆಗಳಲ್ಲಿ ನೆನಪಿನಲ್ಲಿ ಉಳಿಯುವ ಮನುಷ್ಯಪಾತ್ರ ಸೂಸನ್ ಕ್ಯಾಲ್ವಿನ್, ಯಂತ್ರಮಾನವರ ಮನಸ್ಸನ್ನು ಅಧ್ಯಯನ ಮಾಡುವ ವಿಜ್ಞಾನಿ. ಮೂರು ನಿಯಮಗಳಿಲ್ಲದ ಜಗತ್ತಿನಲ್ಲಿ ಈಕೆಗೆ ಮಾಡಲು ಕೆಲಸವೇ ಇಲ್ಲ. ಅವಳ ವೃತ್ತಿ, ಒಂಟಿತನ, ಮನುಷ್ಯರ ಬಗೆಗಿನ ಅಸಹನೆ ಎಲ್ಲವೂ ಆ ನಿಯಮಗಳ ನೆರಳಿನಲ್ಲಿ ಬೆಳೆದಂಥವು. ನನ್ನ ಮುಖ್ಯ ವಾದವನ್ನು ಇಲ್ಲಿಯೇ ಹೇಳಿಬಿಡುವುದಾದರೆ: ಸಿದ್ಧನಿಯಮದ ಲೋಕದಲ್ಲಿ ಹೊಸ ಪಾತ್ರಕ್ಕೆ ಸ್ಥಳ ದೊರೆಯುವುದು ಆ ಲೋಕದ ನಿಯಮಕ್ಕೆ ಯಾರೋ ಬೆಲೆ ತೆರುತ್ತಿರುವ, ಆದರೆ ಮೂಲ ಲೇಖಕ ದೀಪ ಹಿಡಿಯದೆ ಬಿಟ್ಟಿರುವ ಜಾಗದಲ್ಲಿ.

3

ಕನ್ನಡದ ಸೃಜನಶೀಲ ಪರಂಪರೆ ಈ ಜಾಗವನ್ನು ಗುರುತಿಸುವುದರಲ್ಲಿ ಪಳಗಿದೆ. ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಬಂಧವನ್ನು ಮಹಾಭಾರತದ ಲೋಕಕ್ಕೆ ತಂದ ಪ್ರಯೋಗ. ಗ್ರೀಕ್ ವೀರನಿಗೆ ಮಡದಿಯಿದ್ದಾಳೆ. ವ್ಯಾಸರ ಅಶ್ವತ್ಥಾಮನ ಮಡದಿಯನ್ನು ನಾವು ಕಂಡಿಲ್ಲ. ಶ್ರೀಯವರು ಭಾರ್ಗವಿಯನ್ನು ಸೃಷ್ಟಿಸಿದರು. ಸೇಡು ತೀರಿಸಿಕೊಂಡವನ ಮನೆಯಲ್ಲಿ ಉಳಿದವರ ಗತಿಯೇನು ಎಂಬ, ಸೌಪ್ತಿಕಪರ್ವ ಕೇಳದೆ ಬಿಟ್ಟ ಪ್ರಶ್ನೆ ಆ ಪಾತ್ರದಿಂದಾಗಿ ರಂಗದ ಮೇಲೆ ಬಂದಿತು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ನಾಟಕದಲ್ಲಿ ಏಕಲವ್ಯನ ತಾಯಿ ಬರುತ್ತಾಳೆ. ಗುರುದಕ್ಷಿಣೆಯ ಕಥೆಯಲ್ಲಿ ಗುರು, ಶಿಷ್ಯ, ಬೆರಳು ಮೂರೂ ಇದ್ದವು. ಆ ಬೆರಳನ್ನು ಹೆತ್ತವಳು ಮಾತ್ರ ಇರಲಿಲ್ಲ.

‘ಶ್ರೀ ರಾಮಾಯಣ ದರ್ಶನಂ’ (1949) ಕಾವ್ಯದ ಅನಲೆಯದು ಇನ್ನೂ ಸೂಕ್ಷ್ಮವಾದ ಉದಾಹರಣೆ. ವಾಲ್ಮೀಕಿಯಲ್ಲಿ ವಿಭೀಷಣನ ಮಗಳ ಪ್ರಸ್ತಾಪ ಸುಂದರಕಾಂಡದಲ್ಲಿ ಕ್ಷಣಮಾತ್ರ ಬಂದು ಮರೆಯಾಗುತ್ತದೆ. ಕುವೆಂಪು ಆ ಎಳೆಯನ್ನು ಹಿಡಿದು ಪೂರ್ಣಪ್ರಮಾಣದ ಹೆಣ್ಣುಮಗಳನ್ನು ಬೆಳೆಸಿದರು. ಒಂದು ಕಡೆ ಸೀತೆಯ ಮೇಲಿನ ಕರುಣೆ, ಇನ್ನೊಂದು ಕಡೆ ದೊಡ್ಡಪ್ಪ ರಾವಣನ ಮೇಲಿನ ಮಮತೆ. ಲಂಕೆಯ ತಪ್ಪಿಗೆ ಲಂಕೆಯ ಒಳಗಿನಿಂದಲೇ ನೋಯುವವಳು ಅವಳು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅನಲೆ ಬಂದದ್ದರಿಂದ ಯುದ್ಧ ನಿಲ್ಲುವುದಿಲ್ಲ, ರಾವಣನ ಸಾವು ತಪ್ಪುವುದಿಲ್ಲ. ಕಥೆಯ ಒಂದು ಘಟನೆಯೂ ಕದಲದೆ ಲಂಕೆಯೇ ಬೇರೆಯಾಗಿ ಕಾಣತೊಡಗುತ್ತದೆ. ಹೊಸ ಪಾತ್ರ ಸ್ಥಾಪಿತ ಲೋಕಕ್ಕೆ ಸಲ್ಲಿಸಬಹುದಾದ ಅತ್ಯುತ್ತಮ ಸೇವೆ ಇದು.

ಪ್ರದರ್ಶನ ಪರಂಪರೆಯಲ್ಲಿ ಇದೇ ಶಿಸ್ತು ಇನ್ನೊಂದು ರೂಪದಲ್ಲಿದೆ. ತಾಳಮದ್ದಳೆಯ ಅರ್ಥಧಾರಿ ಭಾಗವತರ ಪದ್ಯ ಮುಗಿದೊಡನೆ ತನ್ನ ಮಾತನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು. ಆದರೆ ಮುಂದಿನ ಪದ್ಯದ ಬಾಗಿಲಿಗೆ ಬಂದು ನಿಲ್ಲಲೇಬೇಕು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿ, ರಾವಣರನ್ನು ಕೇಳಿದವರು, ಸೋಲು ನಿಶ್ಚಿತವಾಗಿರುವ ಪಾತ್ರವೂ ಗೆದ್ದವನನ್ನು ನಿರುತ್ತರಗೊಳಿಸಬಲ್ಲದೆಂಬುದನ್ನು ಬಲ್ಲರು. ಪ್ರಸಂಗ ಬದಲಾಗದು, ನ್ಯಾಯದ ತಕ್ಕಡಿ ಅಲುಗಾಡುತ್ತದೆ.

ವಿಜ್ಞಾನವನ್ನು ವಸ್ತುವಾಗಿಸಿಕೊಂಡ ಕನ್ನಡ ಕಥನದಲ್ಲಿಯೂ ಇದಕ್ಕೆ ಮಾದರಿಯಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯ ಹುಡುಕಾಟದ ಕಥೆ. ವಿಜ್ಞಾನಿಯ ಶೋಧದ ಲೋಕದಲ್ಲಿ ಹಳ್ಳಿಗಾಡಿನ ಮಂದಣ್ಣನಿಗೆ ಮೇಲ್ನೋಟಕ್ಕೆ ಸ್ಥಾನವಿಲ್ಲ. ಆದರೆ ಆ ಓತಿಯನ್ನು ಕಂಡವನು ಅವನೇ ಆದ್ದರಿಂದ, ಶೋಧದ ನಿಯಮವೇ ಅವನನ್ನು ಕಥೆಯ ನಡುವಿಗೆ ಎಳೆದು ತರುತ್ತದೆ. ರಾಜಶೇಖರ ಭೂಸನೂರಮಠ ಮತ್ತು ಸಂಜಯ ಹಾವನೂರ ಅವರ ಕಥೆಗಳು 1993ರಲ್ಲಿ ಬಾಳ ಫೋಂಡಕೆ ಅವರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ ಭಾರತೀಯ ವೈಜ್ಞಾನಿಕ ಕಥಾಸಂಕಲನದಲ್ಲಿ ಕನ್ನಡವನ್ನು ಪ್ರತಿನಿಧಿಸಿದವು. ‘ಮನು’ ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ವೈಜ್ಞಾನಿಕ ಕಾದಂಬರಿಯ ಚೌಕಟ್ಟಿನಲ್ಲಿ ಓದಲು ಹೊರಟಿತು. ಪುರಾಣಲೋಕ ಮತ್ತು ವೈಜ್ಞಾನಿಕ ಕಥಾಲೋಕ ಪರಸ್ಪರ ಅಪರಿಚಿತವೆಂಬ ಭಾವನೆ ನಮ್ಮ ಪಠ್ಯಕ್ರಮದ್ದೇ ಹೊರತು ನಮ್ಮ ಲೇಖಕರದಲ್ಲ.

4

ಈ ಹಿನ್ನೆಲೆಯಲ್ಲಿ ವಿದ್ಯಾರ್ಥಿಗಳ ಪಾತ್ರಗಳಿಗೆ ಬರುತ್ತೇನೆ. ಅವುಗಳಲ್ಲಿ ಹೆಚ್ಚಿನವು ಮೂರು ಬಗೆಯ ದೋಷಗಳಲ್ಲಿ ಒಂದಕ್ಕೆ ಸಿಲುಕಿದ್ದವು. ದೋಷಗಳನ್ನು ವಿವರಿಸುವುದು ಅವರನ್ನು ಹಳಿಯಲಿಕ್ಕಲ್ಲ. ಪ್ರಕಟಿತ ಲೇಖಕರಲ್ಲಿಯೂ ಇವು ಕಾಣಸಿಗುತ್ತವೆ.

ಮೊದಲನೆಯದನ್ನು ಪದಕೋಶದ ದೋಷವೆನ್ನಬಹುದು. ಪಾತ್ರದ ಮೆದುಳಿನಲ್ಲಿ ಚಿಪ್ ಇದೆ, ಕಣ್ಣಿನಲ್ಲಿ ಪರದೆಯಿದೆ, ಮಾತಿನ ತುಂಬ ಅಪೆಕ್ಸ್ ಸಿಟಿಯ ಪರಿಭಾಷೆಯಿದೆ. ಆ ಪದಗಳನ್ನು ತೆಗೆದು ನೋಡಿದರೆ ಉಳಿಯುವವನು ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಕೋಚಿಂಗ್ ತರಗತಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗ. ಅವನ ದುಃಖ ಸುಳ್ಳಲ್ಲ, ಆದರೆ ಅದಕ್ಕೆ ಅಪೆಕ್ಸ್ ಸಿಟಿ ಬೇಕಾಗಿರಲಿಲ್ಲ. ಎರಡನೆಯದು ವಿನಾಯಿತಿಯ ದೋಷ. ಎಲ್ಲರನ್ನೂ ಕಟ್ಟಿಹಾಕುವ ನಿಯಮ ಈ ಒಬ್ಬನಿಗೆ ಅನ್ವಯಿಸದು. ಇವನು ಒಂದೇ ರಾತ್ರಿಯಲ್ಲಿ ಕಂಪನಿಯ ಗಣಕಗಳನ್ನು ಭೇದಿಸಿ ನಗರವನ್ನು ಬಿಡುಗಡೆ ಮಾಡುತ್ತಾನೆ. ಆನಂದವರ್ಧನ ನಿಷೇಧಿಸಿದ ಸ್ವೇಚ್ಛೆ ಇದೇ. ಮೂರನೆಯದು ನೆರಳಿನ ದೋಷ. ಪಾತ್ರ ಮೂಲದ ಕಳ್ಳಿಯ ತಂಗಿ, ಇಲ್ಲವೇ ಅವಳ ಗೆಳತಿ, ಇಲ್ಲವೇ ಅವಳ ಗುರು. ಮೂಲ ಪಾತ್ರ ಎದ್ದುಹೋದರೆ ಇವರಿಗೆ ನಿಲ್ಲಲು ಸ್ವಂತದ ನೆಲವಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಎಲ್ಲರೂ ಕನ್ನಡದಲ್ಲಿಯೇ ಬರೆದಿದ್ದರು. ಆದರೆ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ತಾಯ್ನುಡಿಯೇ ಇರಲಿಲ್ಲ. ಅವರು ಇಂಗ್ಲಿಷಿನಲ್ಲಿ ಯೋಚಿಸಿ, ಇಂಗ್ಲಿಷಿನ ಹೆಸರಿಟ್ಟುಕೊಂಡು, ಕನ್ನಡಕ್ಕೆ ಅನುವಾದಗೊಂಡಂತೆ ಮಾತನಾಡುತ್ತಿದ್ದರು. ಏಕೆಂದು ಕೇಳಿದಾಗ ಒಬ್ಬ ವಿದ್ಯಾರ್ಥಿ ಕೊಟ್ಟ ಉತ್ತರ ಸರಳವಾಗಿತ್ತು: “ಅಷ್ಟು ಮುಂದಕ್ಕೆ ಹೋದ ಮೇಲೆ ಕನ್ನಡ ಎಲ್ಲಿರುತ್ತದೆ?” ಅವನು ವ್ಯಂಗ್ಯವಾಡಲಿಲ್ಲ. ಭವಿಷ್ಯವೆಂದರೆ ಕನ್ನಡ ಮುಗಿದ ನಂತರದ ಕಾಲವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

5

ಈ ನಡುವೆ ಬನಶಂಕರಿ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎರಡೂವರೆ ಪುಟದ ಬರಹವನ್ನು ತಂದಳು. ಅವಳ ಪಾತ್ರ ನೀರಿನ ವಾಲ್ವ್ ತಿರುಗಿಸುವ ಹೆಂಗಸು.

ದಕ್ಷಿಣ ಬೆಂಗಳೂರಿನವರಿಗೆ ಈ ವೃತ್ತಿಯ ಪರಿಚಯವಿದೆ. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರವನ್ನು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪು ಕೇಂದ್ರಗಳ ಮೂಲಕ ಏರಿ, ಕನಕಪುರದ ದಿಕ್ಕಿನಿಂದ ನಗರಕ್ಕೆ ಬರುತ್ತದೆ. ಮೊದಲ ಹಂತ ಕಾರ್ಯಾರಂಭ ಮಾಡಿದ್ದು 1974ರಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಇಷ್ಟು ದೊಡ್ಡ ವ್ಯವಸ್ಥೆಯ ಕಟ್ಟಕಡೆಯಲ್ಲಿ, ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಎಂಬುದನ್ನು ನೆರವೇರಿಸುವವನು ರಸ್ತೆಯ ಮುಚ್ಚಳ ತೆಗೆದು ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸುವ ಮನುಷ್ಯ. ಅವನು ಸುತ್ತುಗಳನ್ನು ಎಣಿಸುತ್ತಾನೆ, ಕೊಳವೆಯ ಸದ್ದನ್ನು ಆಲಿಸುತ್ತಾನೆ. ಅವನ ಹಿಂದೆ ಇನ್ನೂ ಹಳೆಯ ನೀರುಗಂಟಿಯಿದ್ದಾನೆ. ಕೆರೆಯ ತೂಬನ್ನೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ಆ ಹೊಣೆ ಅನೇಕ ಊರುಗಳಲ್ಲಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಸೇರಿತ್ತು. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಊರುಗಳ ಹೆಸರು ಅಕ್ಷರಗಳಾದವು, ನೀರುಗಂಟಿ ವಾಲ್ವ್‌ಮನ್ ಆದ. ವಿದ್ಯಾರ್ಥಿನಿ ಆ ಸಾಲನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಳು.

ಅವಳ ತರ್ಕ ಹೀಗಿತ್ತು. ಅಪೆಕ್ಸ್ ಸಿಟಿಯಲ್ಲಿ ಅನಲಾಗ್ ಜನರಿಗೆ ಕೊಳಾಯಿಯ ನೀರಿಲ್ಲವೆಂದು ಕಾದಂಬರಿ ಹೇಳುತ್ತದೆ. ನೀರು ತಾನಾಗಿ ಇಲ್ಲದಾಗುವುದಿಲ್ಲ, ಯಾರೋ ನಿಲ್ಲಿಸಬೇಕು. ಹೊಸ ನಗರದ ಕೊಳವೆಗಳನ್ನು ಯಂತ್ರಗಳೇ ನೋಡಿಕೊಳ್ಳಬಹುದು. ಆದರೆ ಅದರ ಅಡಿಯಲ್ಲಿ ಹಳೆಯ ಬೆಂಗಳೂರಿನ ಕೊಳವೆಗಳಿವೆ, ಅವುಗಳ ನಕ್ಷೆ ಯಾರ ಬಳಿಯೂ ಇಲ್ಲ. ಅವನ್ನು ಬಲ್ಲವಳು ಇವಳೊಬ್ಬಳೇ, ಅದೂ ಅಜ್ಜ ಹೇಳಿಕೊಟ್ಟ ಕನ್ನಡದ ಗುರುತುಗಳ ಮೂಲಕ: ಹೊಂಗೆಮರದ ಹತ್ತಿರದ್ದು ಹನ್ನೊಂದು ಸುತ್ತು, ಮಾರಮ್ಮನ ಗುಡಿಯ ಹಿಂದಿನದು ಒಂಬತ್ತೂಕಾಲು. ಮರವೂ ಗುಡಿಯೂ ಹೋಗಿವೆ. ಸುತ್ತಿನ ಲೆಕ್ಕ ಉಳಿದಿದೆ. ಅವಳು ದುಡಿಯುವ ಶೇಕಡ 70ರೊಳಗಿನವಳು. ಆದರೆ ಅವಳ ಕೆಲಸ ಸರಿಯಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲವಾದ್ದರಿಂದ, ಉತ್ಪಾದಕತೆಯ ರೇಖೆಯ ಮೇಲೆ ಅವಳು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದಾಳೆ. ಒಂದು ದಿನ ಅವಳನ್ನೂ ಗಡಿಯಾಚೆಗೆ ಕಳುಹಿಸುತ್ತಾರೆ. ಆಗ ಅವಳು ಕುಡಿಯಬೇಕಾದದ್ದು ತಾನೇ ನಿಲ್ಲಿಸಿದ ನೀರನ್ನು.

ನಾನು ಮೆಚ್ಚಿದೆ, ಮೆಚ್ಚಿ ತಿದ್ದಲು ಹೋದೆ. ಕೊನೆಯಲ್ಲಿ ಅವಳು ಎಲ್ಲ ವಾಲ್ವ್‌ಗಳನ್ನೂ ತೆರೆದುಬಿಟ್ಟರೆ ಕಥೆಗೆ ಶಕ್ತಿ ಬರುತ್ತದೆಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆ. ಮರುದಿನ ವಿದ್ಯಾರ್ಥಿನಿ ಹಾಳೆಯನ್ನು ತಂದು, “ಅವಳು ತೆರೆಯುವುದಿಲ್ಲ. ತೆರೆದರೆ ಬೆಳಗಾಗುವುದರೊಳಗೆ ಅವಳ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಅವರಿಗೆ ಅಜ್ಜನ ಲೆಕ್ಕ ಗೊತ್ತಿರುವುದಿಲ್ಲ, ಬೇಸಿಗೆಯಲ್ಲಿ ಎರಡೂ ಕಡೆಯವರು ಸಾಯುತ್ತಾರೆ” ಎಂದಳು. ಹಾಗಾದರೆ ಏನು ಮಾಡುತ್ತಾಳೆಂದು ಕೇಳಿದೆ. ಪ್ರತಿ ರಾತ್ರಿ ಮುಚ್ಚುವಾಗ ಕೊನೆಯ ಕಾಲು ಸುತ್ತನ್ನು ತಿರುಗಿಸದೆ ಬಿಡುತ್ತಾಳಂತೆ. ಅದು ಯಾವ ಮಾಪಕಕ್ಕೂ ಸಿಗದು. ಗಡಿಯಾಚೆಯ ಒಂದು ತುಕ್ಕು ಹಿಡಿದ ಕೊಳವೆಯ ಬಾಯಲ್ಲಿ ಮಾತ್ರ ಬೆಳಗಿನವರೆಗೆ ಒಂದು ಕೊಡ ತುಂಬುತ್ತದೆ.

ವಿನಾಯಿತಿಯ ದೋಷವನ್ನು ವಿದ್ಯಾರ್ಥಿಗಳಲ್ಲಿ ಗುರುತಿಸಿದ ನಾನೇ ಆ ದೋಷವನ್ನು ಅವಳ ಬರಹಕ್ಕೆ ಸೇರಿಸಲು ಹೊರಟಿದ್ದೆ. ಅವಳಿಗೆ ‘ದಶರೂಪಕ’ ಗೊತ್ತಿರಲಿಲ್ಲ, ಔಚಿತ್ಯ ಗೊತ್ತಿತ್ತು. ಕೆರೆ ತುಂಬಲು ಹಾರವಾದ ಭಾಗೀರಥಿಯ ಜನಪದ ಕಥನಗೀತೆಯನ್ನು ಅದೇ ವರ್ಷ ಅವರಿಗೆ ಪಾಠ ಮಾಡಿದ್ದೆ. ನೀರಿಗೆ ಬೆಲೆಯಿದೆ, ಆ ಬೆಲೆಯನ್ನು ಮನೆಯ ಕಿರಿಯವಳು ತೆರುತ್ತಾಳೆ ಎಂಬ ಹಳೆಯ ತಿಳಿವಳಿಕೆ ಆ ಎರಡೂವರೆ ಪುಟಗಳಲ್ಲಿ ಹೆಸರಿಲ್ಲದೆ ಹರಿದಿತ್ತು.

ಈ ಪಾತ್ರವನ್ನು ಮುಂದಿಟ್ಟುಕೊಂಡು ಮೂರು ಪರೀಕ್ಷೆಗಳನ್ನು ಸೂಚಿಸಬಹುದೆನಿಸುತ್ತದೆ. ಪಾತ್ರವನ್ನು ಆ ಲೋಕದಿಂದ ಎತ್ತಿ ಬೇರೆಡೆ ಇಟ್ಟರೆ ಅದರ ಸಂಕಟ ಹಾಗೆಯೇ ಉಳಿಯುವುದಾದರೆ, ಅದು ಆ ಲೋಕದ್ದಲ್ಲ. ಆ ಲೋಕದ ಪರಿಭಾಷೆಯನ್ನೆಲ್ಲ ಕಳೆದಾಗ ಮನುಷ್ಯರು ಯಾರೂ ಉಳಿಯದಿದ್ದರೆ, ಅದು ಪಾತ್ರವೇ ಅಲ್ಲ. ಪಾತ್ರ ಬಂದ ಮೇಲೆ ನಿಯಮ ಹಾಗೆಯೇ ಇದ್ದು, ನಿಯಮದ ಬಗೆಗಿನ ನಮ್ಮ ತೀರ್ಪು ಬದಲಾದರೆ, ಅದು ಸಾರ್ಥಕವಾದ ಪಾತ್ರ. ಅನಲೆ ಈ ಮೂರರಲ್ಲಿಯೂ ಉತ್ತೀರ್ಣಳು. ವಾಲ್ವ್ ತಿರುಗಿಸುವವಳೂ ಅಷ್ಟೆ.

6

ಇದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು ಒಡೆತನದ್ದು. ರಾಮಾಯಣ ಎಲ್ಲರ ಸೊತ್ತು; ಅಪೆಕ್ಸ್ ಸಿಟಿ ಒಬ್ಬ ಲೇಖಕಿಯದು. ಈ ಆಕ್ಷೇಪ ನ್ಯಾಯವಾದದ್ದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ತರಗತಿಯ ಅಭ್ಯಾಸಕ್ಕೂ ಮುದ್ರಿತ ಪ್ರಕಟಣೆಗೂ ಇರುವ ಅಂತರವನ್ನು ಅಧ್ಯಾಪಕರು ಸ್ಪಷ್ಟವಾಗಿ ಹೇಳಿಕೊಡಬೇಕು. ಅನುಮತಿಯ ಮಾರ್ಗವೂ ಇದೆ. 1992ರಲ್ಲಿ ಅಸಿಮೋವ್ ತೀರಿಕೊಂಡ ಮೇಲೆ ಅವನ ‘ಫೌಂಡೇಶನ್’ ಲೋಕದಲ್ಲಿ ಗ್ರೆಗರಿ ಬೆನ್‌ಫರ್ಡ್, ಗ್ರೆಗ್ ಬೇರ್, ಡೇವಿಡ್ ಬ್ರಿನ್ ಎಂಬ ಮೂವರು ಲೇಖಕರು ಹಕ್ಕುದಾರರ ಒಪ್ಪಿಗೆಯಿಂದ 1997ರಿಂದ 1999ರವರೆಗೆ ಒಂದೊಂದು ಕಾದಂಬರಿ ಬರೆದರು. ಅದಕ್ಕಿಂತ ಮೇಲಾದ ಮಾರ್ಗವೆಂದರೆ, ಈ ಅಭ್ಯಾಸದಿಂದ ಪಳಗಿದ ಕೈಗಳು ಕನ್ನಡದಲ್ಲಿಯೇ ಎಲ್ಲರೂ ಪ್ರವೇಶಿಸಬಹುದಾದ ಒಂದು ಲೋಕವನ್ನು ಕಟ್ಟುವುದು.

ಎರಡನೆಯ ಆಕ್ಷೇಪ ನಮ್ಮ ವಲಯದ ಒಳಗಿನದು. ವಿಚಾರಸಂಕಿರಣವೊಂದರಲ್ಲಿ ಈ ವಿಷಯವನ್ನು ಸಂಕ್ಷಿಪ್ತವಾಗಿ ಮಂಡಿಸಿದಾಗ, ಇದು ಮಕ್ಕಳ ಆಟವೇ ಹೊರತು ಸಂಶೋಧನೆಯ ವಿಷಯವಲ್ಲ ಎಂಬ ಅಭಿಪ್ರಾಯ ಹಿರಿಯರಿಂದ ಬಂದಿತು. ಅವರ ಕಾಳಜಿಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಸ್ವೋಪಜ್ಞತೆಯನ್ನು ಬೆಳೆಸಬೇಕಾದ ತರಗತಿ ಎರವಲು ಲೋಕಗಳಲ್ಲಿ ಕಾಲ ಕಳೆಯಬಾರದೆಂಬುದು ಆ ಕಾಳಜಿ. ಆದರೆ ಲೋಕವನ್ನು ಎರವಲು ಪಡೆದವರೆಲ್ಲ ಅನುಕರಣಕಾರರಾದರೆ ನಮ್ಮ ಕಾವ್ಯಚರಿತ್ರೆಯಲ್ಲಿ ಉಳಿಯುವವರು ಕಡಿಮೆ. ಎರವಲು ಲೋಕದಲ್ಲಿ ಬರೆಯುವವನು ತನ್ನ ಪಾತ್ರಕ್ಕೆ ಅನುಕೂಲವಾಗುವಂತೆ ನೆಲವನ್ನು ಸಮತಟ್ಟು ಮಾಡಿಕೊಳ್ಳಲಾರ. ಎದುರಾಗುವ ನಿಯಮವನ್ನು ಅವನು ಓದಲೇಬೇಕು. ಆದ್ದರಿಂದ ಈ ಅಭ್ಯಾಸ ಬರವಣಿಗೆಯ ತರಬೇತಿಗಿಂತ ಮೊದಲು ಓದಿನ ತರಬೇತಿ. ಮೂಲಕೃತಿ ಏನನ್ನು ಹೇಳದೆ ಬಿಟ್ಟಿದೆ ಎಂದು ಕಂಡುಹಿಡಿಯುವುದು ವಿಮರ್ಶೆಯ ಕೆಲಸವೂ ಹೌದಲ್ಲವೇ?

7

ಕಡೆಯದಾಗಿ, ಈ ಚರ್ಚೆಯಲ್ಲಿ ಪಣಕ್ಕಿರುವುದೇನೆಂಬುದನ್ನು ಸ್ಪಷ್ಟಪಡಿಸಬೇಕು. ಬೆಂಗಳೂರಿನ ಭವಿಷ್ಯವನ್ನು ಕಲ್ಪಿಸುವ ಕೆಲಸ ಈಗಾಗಲೇ ನಡೆಯುತ್ತಿದೆ. ಅದು ಇಂಗ್ಲಿಷಿನಲ್ಲಿ ನಡೆಯುತ್ತಿರುವುದಕ್ಕೆ ಆ ಲೇಖಕರನ್ನು ದೂರುವಂತಿಲ್ಲ. ಅವರು ತಮ್ಮ ಭಾಷೆಯಲ್ಲಿ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ. ಮಾಡಬೇಕಾದ ಕೆಲಸ ನಮ್ಮದು. ನಾಳೆಯ ಬೆಂಗಳೂರಿನಲ್ಲಿ ಕನ್ನಡ ಮಾತನಾಡುವವರು ಇರುತ್ತಾರೆಯೇ, ಇದ್ದರೆ ಯಾವ ಕೆಲಸದಲ್ಲಿರುತ್ತಾರೆ, ಯಾವ ಗಡಿಯ ಯಾವ ಮಗ್ಗುಲಲ್ಲಿರುತ್ತಾರೆ ಎಂಬ ಪ್ರಶ್ನೆಗಳನ್ನು ಸಮಾಜಶಾಸ್ತ್ರ ಒಂದು ರೀತಿಯಲ್ಲಿ ಕೇಳಬಹುದು. ಸಾಹಿತ್ಯ ಅದನ್ನು ಕೇಳುವುದು ಒಬ್ಬ ವ್ಯಕ್ತಿಯನ್ನು ಅಲ್ಲಿ ನಿಲ್ಲಿಸುವುದರ ಮೂಲಕ. ನಾವು ನಿಲ್ಲಿಸದಿದ್ದರೆ, ಆ ಲೋಕದಲ್ಲಿ ಕನ್ನಡ ಇರಲಿಲ್ಲವೆಂಬುದು ಯಾರ ತೀರ್ಮಾನವೂ ಇಲ್ಲದೆ ತೀರ್ಮಾನವಾಗಿಬಿಡುತ್ತದೆ.

ಆದ್ದರಿಂದ ಕನ್ನಡ ವಿಭಾಗಗಳ ಮುಂದೆ ಎರಡು ಸಲಹೆಗಳನ್ನು ಇಡಬಯಸುತ್ತೇನೆ. ಭಾಷಾ ಕನ್ನಡದ ಆಂತರಿಕ ಮೌಲ್ಯಮಾಪನದಲ್ಲಿ ಪ್ರಬಂಧ, ಸಾರಾಂಶಗಳ ಜೊತೆಗೆ ಸ್ಥಾಪಿತ ಲೋಕಕ್ಕೊಂದು ಪಾತ್ರ ಎಂಬ ಅಭ್ಯಾಸಕ್ಕೂ ಅವಕಾಶವಿರಲಿ. ಅಲ್ಲಿ ಪುರಾಣಲೋಕವೂ ವೈಜ್ಞಾನಿಕ ಕಥಾಲೋಕವೂ ಸಮಾನವಾಗಿ ಸಲ್ಲಲಿ. ಸಂಶೋಧನೆಯ ಮಟ್ಟದಲ್ಲಿ, ಭೂಸನೂರಮಠ, ಮನು ಮೊದಲಾದವರ ಕೃತಿಗಳನ್ನೂ ನಿಯತಕಾಲಿಕೆಗಳಲ್ಲಿ ಚದುರಿಹೋಗಿರುವ ಕನ್ನಡ ವೈಜ್ಞಾನಿಕ ಕಥೆಗಳನ್ನೂ ಪಾತ್ರದ ದೃಷ್ಟಿಯಿಂದ ಸೂಚೀಕರಿಸುವ ಕೆಲಸವನ್ನು ಎಂ.ಫಿಲ್. ನಿಂತುಹೋಗಿರುವ ಈ ದಿನಗಳಲ್ಲಿ ಸ್ನಾತಕೋತ್ತರ ಕಿರುಪ್ರಬಂಧಗಳೇ ಕೈಗೆತ್ತಿಕೊಳ್ಳಬಹುದು. ಆ ಕಥೆಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಪಟ್ಟಿಯೇ ಮುಂದಿನ ಲೇಖಕರಿಗೆ ಆಕರವಾಗುತ್ತದೆ.

‘ಸಿದ್ಧನಿಯಮ’ ಎಂಬ ಪದವನ್ನು ನಾನು ತಾತ್ಕಾಲಿಕವಾಗಿ ಬಳಸಿದ್ದೇನೆ. ಅದಕ್ಕಿಂತ ಒಳ್ಳೆಯ ಪದವನ್ನು ವಿದ್ವಾಂಸರು ಸೂಚಿಸಿದರೆ ಸಂತೋಷ. ಮೇಲಿನ ಮೂರು ಪರೀಕ್ಷೆಗಳನ್ನೂ ಇತರ ತರಗತಿಗಳಲ್ಲಿ ಪ್ರಯೋಗಿಸಿ, ಎಲ್ಲಿ ಸೋಲುತ್ತವೆಂದು ತಿಳಿಸಬೇಕಾಗಿ ಸಹೋದ್ಯೋಗಿಗಳಲ್ಲಿ ವಿನಂತಿ. ಭವಿಷ್ಯದಲ್ಲಿ ಕನ್ನಡ ಎಲ್ಲಿರುತ್ತದೆ ಎಂದು ಕೇಳಿದ ವಿದ್ಯಾರ್ಥಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅವನ ಸಹಪಾಠಿಯ ಎರಡೂವರೆ ಪುಟಗಳನ್ನು ತರಗತಿಯಲ್ಲಿ ಓದಿದ ದಿನ, ಒಂಬತ್ತೂಕಾಲು ಸುತ್ತು ಎಂಬಲ್ಲಿಗೆ ಬಂದಾಗ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅವನು ತನ್ನ ಹಾಳೆಯನ್ನು ಮಡಿಚಿಟ್ಟು, ಇನ್ನೊಂದು ವಾರ ಸಮಯ ಕೊಡಬೇಕೆಂದು ಕೇಳಿಕೊಂಡ. ಕೊಟ್ಟಿದ್ದೇನೆ.